ಗಾಳಿಯಿಂದ ತಣಿಯುವ ಗಾಡಿ: ಹಳೆಯ ಜಾವಾವನ್ನು ಮನೆಯಲ್ಲೇ ದುರಸ್ತಿ ಮಾಡಿ ಕಾಪಾಡಿಕೊಳ್ಳುವ ಬಗೆ

ಹೋದ ತಿಂಗಳು ಒಂದು ಭಾನುವಾರ ಸಂಜೆ, ವಾಚನಾಲಯದ ಬಾಗಿಲು ಹಾಕುವ ಹೊತ್ತಿಗೆ, ವಿಜಯಪುರ ಕಡೆಯ ತರುಣರೊಬ್ಬರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಘೋಡಬಂದರ್ ರಸ್ತೆಯಲ್ಲಿ ಏಳುತ್ತಿರುವ ಕಟ್ಟಡವೊಂದರಲ್ಲಿ ಸೆಂಟ್ರಿಂಗ್ ಕೆಲಸ ಮಾಡುವವರು. ಪತ್ರಿಕೆ ಮಡಿಸಿಟ್ಟು ಮೆಲ್ಲಗೆ ಕೇಳಿದರು: "ಅಣ್ಣಾರ, ಅಪ್ಪನ ಜಾವಾ ಗಾಡಿ ದನದ ಕೊಟ್ಟಿಗ್ಯಾಗ ಬಿದ್ದೈತಿ. ಅಪ್ಪ ಹೋಗಿ ಎಂಟು ವರ್ಷ ಆತು. ಗುಜರಿಯವ ತೂಕದ ಲೆಕ್ಕದಾಗ ಕೇಳಾಕತ್ತಾನ. ಕೊಟ್ಟ ಬಿಡ್ಲೇನ್ರಿ?"

ಆಗ ನಾನು "ಸ್ವಲ್ಪ ತಡೆಯಿರಿ, ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ" ಎಂದು ಹೇಳಿ ಕಳುಹಿಸಿದೆ. ಇಂಥದೇ ಪ್ರಶ್ನೆಯನ್ನು ಹಿಂದೆಯೂ ಇಬ್ಬರು ಮೂವರು ಕೇಳಿದ್ದುಂಟು. ನಮ್ಮ ಓದುಗರಲ್ಲಿ ಅನೇಕರ ಊರಿನ ಮನೆಗಳಲ್ಲಿ ಇಂಥ ಒಂದು ಗಾಡಿ ಗೋಣಿಚೀಲ ಹೊದ್ದು ನಿಂತಿದೆ. ನಾನು ಮೆಕ್ಯಾನಿಕನಲ್ಲ; ಗಿರಣಿಯಲ್ಲಿ ಲೆಕ್ಕ ಬರೆಯುವವನು. ಆದರೆ ನನ್ನ ಸೋದರಮಾವನವರು ಕೊಟ್ಟ 1969ರ ಜಾವಾ ಒಂದನ್ನು ಎರಡು ವರ್ಷ ರಜೆಯ ದಿನಗಳಲ್ಲಿ ಬಿಚ್ಚಿ, ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿದ್ದೇನೆ. ಆ ಅನುಭವದಿಂದ ಕಲಿತದ್ದನ್ನೂ, ತಿಳಿದವರಿಂದ ಕೇಳಿ ಖಚಿತಪಡಿಸಿಕೊಂಡದ್ದನ್ನೂ ಇಲ್ಲಿ ಬರೆದಿದ್ದೇನೆ.

ಗಾಳಿಯಿಂದ ತಣಿಯುವುದು ಎಂದರೇನು?

ಪೆಟ್ರೋಲು ಉರಿಯುವಾಗ ಹುಟ್ಟುವ ಶಾಖವೆಲ್ಲ ಚಕ್ರ ತಿರುಗಿಸುವ ಕೆಲಸಕ್ಕೆ ಬರುವುದಿಲ್ಲ. ಹೆಚ್ಚಿನ ಪಾಲು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಉಳಿದದ್ದು ಎಂಜಿನಿನ ಲೋಹಕ್ಕೇ ಏರುತ್ತದೆ. ಉರಿಯ ನಾಲಗೆ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಿಸ್ಟನ್ನಿನ ಅಲ್ಯೂಮಿನಿಯಮ್ ಕರಗುವುದು ಸುಮಾರು 660 ಡಿಗ್ರಿಗೆ. ಆದಕಾರಣ ಲೋಹಕ್ಕೆ ಏರಿದ ಶಾಖವನ್ನು ಕ್ಷಣಕ್ಷಣಕ್ಕೂ ತೆಗೆದು ಹಾಕುತ್ತಿರಬೇಕು. ಇದಕ್ಕೆ ಎರಡು ಉಪಾಯಗಳುಂಟು. ಒಂದು, ಎಂಜಿನಿನ ಸುತ್ತ ನೀರು ಹರಿಸಿ, ಆ ನೀರನ್ನು ರೇಡಿಯೇಟರಿನಲ್ಲಿ ತಣಿಸುವುದು. ಇನ್ನೊಂದು, ಎಂಜಿನಿನ ಮೈಗೆ ತೆಳು ರೆಕ್ಕೆಗಳನ್ನು ಮೂಡಿಸಿ, ಗಾಳಿಗೆ ಹೆಚ್ಚು ಮೈ ಸಿಗುವಂತೆ ಮಾಡುವುದು. ಬಿಸಿ ಹಾಲನ್ನು ಲೋಟದಲ್ಲಿ ಇಡುವುದಕ್ಕಿಂತ ಅಗಲ ತಟ್ಟೆಗೆ ಸುರಿದರೆ ಬೇಗ ಆರುತ್ತದಲ್ಲವೇ? ಅದೇ ಲೆಕ್ಕ.

ಈ ಎರಡನೆಯ ಬಗೆಯಲ್ಲೂ ಎರಡು ಪಂಗಡಗಳಿವೆ. ಎಂಜಿನನ್ನು ಮುಚ್ಚಿಟ್ಟ ಗಾಡಿಗೆ ಗಾಳಿ ತಾನಾಗಿ ತಗಲುವುದಿಲ್ಲ, ಫ್ಯಾನಿಟ್ಟು ಬೀಸಬೇಕು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಈ ಜಾತಿಯದು. ಹಿಂಬದಿಯಲ್ಲಿ ನಾಲ್ಕು ಸಿಲಿಂಡರು, ಅವುಗಳ ಮೇಲೆ ಬೆಲ್ಟಿನಿಂದ ತಿರುಗುವ ಫ್ಯಾನು. ಎರಡು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಬೀಟಲ್ಲುಗಳು ತಯಾರಾಗಿ, ಕೊನೆಯದು 2003ರ ಜುಲೈಯಲ್ಲಿ ಮೆಕ್ಸಿಕೊ ದೇಶದ ಕಾರ್ಖಾನೆಯಿಂದ ಹೊರಬಂತು. ಅದರ ಬೆಲ್ಟು ಹರಿದರೆ ಆ ಕ್ಷಣವೇ ಗಾಡಿ ನಿಲ್ಲಿಸಬೇಕು. ಮನೆ ಹತ್ತಿರವೇ ಇದೆ ಎಂದು ಓಡಿಸಿದರೆ ಎಂಜಿನು ಹೋದಂತೆ. ಮುಂಬಯಿಯಲ್ಲಿ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾದವರು ತಯಾರಿಸುತ್ತಿದ್ದ ಲ್ಯಾಂಬ್ರೆಟಾ ಸ್ಕೂಟರೂ ಹೀಗೆಯೇ ಫ್ಯಾನಿನಿಂದ ತಣಿಯುತ್ತಿತ್ತು. ಎರಡನೆಯ ಪಂಗಡದಲ್ಲಿ ಎಂಜಿನು ಬಯಲಿನಲ್ಲಿರುತ್ತದೆ. ಗಾಡಿ ಓಡುವಾಗ ಎದುರು ಗಾಳಿ ತಾನೇ ಬೀಸುತ್ತದೆ. ನಮ್ಮ ಜಾವಾ ಈ ಪಂಗಡಕ್ಕೆ ಸೇರಿದ್ದು. ಬೀಟಲ್ ಕಾರನ್ನು ನಮ್ಮಂಥವರು ಬೀದಿಯಲ್ಲಿ ನೋಡಿ ಸಂತೋಷಪಡಬಹುದೇ ಹೊರತು ಮನೆಗೆ ತರಲಾಗದು. ಆದ್ದರಿಂದ ಇಲ್ಲಿ ಜಾವಾದ ಮಾತನ್ನೇ ಆಡುತ್ತೇನೆ. ಅದರ ಪಾಠಗಳು ಅದರ ತಮ್ಮ ಯೆಜ್ಡಿಗೂ ಸಲ್ಲುತ್ತವೆ.

ಮೈಸೂರಿನ ಮಗು

ಜಾವಾ ಎಂಬ ಹೆಸರು ಚೆಕ್ ದೇಶದ್ದು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ಅದರ ಹೆಸರಿನ ಮೊದಲೆರಡು ಅಕ್ಷರ ಸೇರಿಸಿದನು. ಭಾರತದಲ್ಲಿ ಐಡಿಯಲ್ ಜಾವಾ ಕಂಪನಿಯು 1960ರಲ್ಲಿ ಸ್ಥಾಪನೆಯಾಗಿ, 1961ರಿಂದ ಮೈಸೂರಿನಲ್ಲಿ ಗಾಡಿಗಳನ್ನು ತಯಾರಿಸತೊಡಗಿತು. ಕಟ್ಟಿದವರು ರುಸ್ತುಂ ಇರಾನಿಯವರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಪ್ರೋತ್ಸಾಹ ಅದಕ್ಕಿತ್ತು. ಎಪ್ಪತ್ತರ ದಶಕದಲ್ಲಿ ಅದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. ಅದು ಇರಾನಿನ ಯಜ್ದ್ ಪಟ್ಟಣದ ನೆನಪು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ, ಬೇರೆ ಕಂಪನಿಯಿಂದ ಹೊಸದಾಗಿ ಬಂದಿವೆ. ಹೆಸರು ಅದೇ, ಆದರೆ ಅವು ದ್ರವದಿಂದ ತಣಿಯುವ ಬೇರೆಯೇ ಯಂತ್ರಗಳು.

ನಾವು ಹೇಳುತ್ತಿರುವ ಹಳೆಯ 250ರದು ಒಂದೇ ಸಿಲಿಂಡರು. ಅದರ ಒಳ ವ್ಯಾಸ 65 ಮಿ.ಮೀ., ಪಿಸ್ಟನ್ ಓಡಾಡುವ ಉದ್ದ 75 ಮಿ.ಮೀ. ಗುಣಿಸಿ ನೋಡಿದರೆ ಸುಮಾರು 249 ಘನ ಸೆಂಟಿಮೀಟರು ಆಗುತ್ತದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳು. ಗೇರು ಹಾಕುವ ಸನ್ನೆಯೇ ಕಿಕ್ಕರ್ ಸಹ ಆಗುವುದು ಇದರ ವಿಶೇಷ. ಬ್ಯಾಟರಿ 6 ವೋಲ್ಟಿನದು.

ಎಣ್ಣೆಯ ಪಾಠ, ನನ್ನ ತಪ್ಪಿನಿಂದ

ಇದು ಎರಡು ಸ್ಟ್ರೋಕಿನ ಎಂಜಿನು. ಇಂದಿನ ನಾಲ್ಕು ಸ್ಟ್ರೋಕಿನ ಗಾಡಿಗಳಲ್ಲಿ ಎಣ್ಣೆ ಕೆಳಗಿನ ಡಬ್ಬದಲ್ಲಿದ್ದು, ಅಲ್ಲಿಂದ ಪಂಪಿನ ಮೂಲಕ ಎಲ್ಲೆಡೆ ಹೋಗುತ್ತದೆ. ಜಾವಾದಲ್ಲಿ ಆ ಏರ್ಪಾಡಿಲ್ಲ. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕೋಣೆಗೇ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಬಂದು ತುಂಬುತ್ತದೆ. ಇಳಿಯುವಾಗ ಪಕ್ಕದ ದಾರಿಗಳಿಂದ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಎಣ್ಣೆಯೂ ಪೆಟ್ರೋಲಿನ ಜೊತೆಗೇ ಬರಬೇಕು. ನಾವೇ ಅಳೆದು ಬೆರೆಸಬೇಕು. ಓಡಿ ಪಳಗಿದ ಎಂಜಿನಿಗೆ ಲೀಟರಿಗೆ 40 ಮಿ.ಲೀ. ಟು-ಟಿ ಎಣ್ಣೆ, ಎಂದರೆ 5 ಲೀಟರಿಗೆ 200 ಮಿ.ಲೀ. ಹೊಸ ಪಿಸ್ಟನ್ ಹಾಕಿದ ಮೊದಲ ದಿನಗಳಲ್ಲಿ ಲೀಟರಿಗೆ 50 ಮಿ.ಲೀ.

ಈ ಲೆಕ್ಕ ನನಗೆ ಬಾಯಿಪಾಠವಾಗಿತ್ತು. ಆದರೂ ಒಂದು ಭಾನುವಾರ ಬೆಳಗ್ಗೆ ಬಂಕಿನಲ್ಲಿ ಸಾಲು ದೊಡ್ಡದಿತ್ತು, ಹಿಂದಿನವರು ಹಾರನ್ನು ಹೊಡೆಯುತ್ತಿದ್ದರು. ಪೆಟ್ರೋಲು ಹಾಕಿಸಿ, ಎಣ್ಣೆಯ ಸೀಸೆ ಚೀಲದಲ್ಲೇ ಉಳಿದು, ಗಾಡಿ ಹೊರಡಿಸಿದೆ. ಕಾಸರವಡವಲಿ ದಾಟಿ ಗಾಯಮುಖದ ಏರು ಹತ್ತುವಾಗ ಶಕ್ತಿ ಇಳಿದಂತಾಯಿತು. ಏರಿನ ಕಾರಣ ಎಂದುಕೊಂಡು ಇನ್ನಷ್ಟು ಥ್ರಾಟಲ್ ಕೊಟ್ಟೆ. ಕೀಚಲು ಸದ್ದಾಯಿತು, ಹಿಂದಿನ ಚಕ್ರ ಕಚ್ಚಿ ನಿಂತು ಗಾಡಿ ಅಡ್ಡಡ್ಡ ಜಾರಿತು. ಹಿಂದೆ ಕಂಟೇನರ್ ಲಾರಿ. ಕೈ ತಾನಾಗಿ ಕ್ಲಚ್ಚಿಗೆ ಹೋಯಿತು, ಚಕ್ರ ಬಿಟ್ಟಿತು, ಅಂಚಿಗೆ ಸರಿದೆ. ಲಾರಿ ಪಕ್ಕದಲ್ಲಿ ಹಾದು ಹೋದ ಗಾಳಿ ಈಗಲೂ ಮೈಗೆ ನೆನಪಿದೆ. ಮನೆಯಲ್ಲಿ ಈ ಮಾತನ್ನು ಆರು ತಿಂಗಳು ಹೇಳಿರಲಿಲ್ಲ.

ಆದದ್ದೇನು? ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಸಿಲಿಂಡರು ಎರಕದ ಕಬ್ಬಿಣದ್ದು. ಅಲ್ಯೂಮಿನಿಯಮ್ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. 65 ಮಿ.ಮೀ. ವ್ಯಾಸದಲ್ಲಿ 100 ಡಿಗ್ರಿ ಏರಿದರೆ ಪಿಸ್ಟನ್ ಸುಮಾರು 0.15 ಮಿ.ಮೀ. ಹಿಗ್ಗುತ್ತದೆ, ಸಿಲಿಂಡರು ಸುಮಾರು 0.07 ಮಾತ್ರ. ಇವೆರಡರ ನಡುವಿನ ಬಿಡುವು ಕೂದಲೆಳೆಯಷ್ಟು. ಎಣ್ಣೆ ತಪ್ಪಿದರೆ ಉಜ್ಜುವಿಕೆ ಹೆಚ್ಚಿ, ಬಿಸಿ ಹೆಚ್ಚಿ, ಆ ಬಿಡುವು ಮುಗಿದು ಎರಡೂ ಕಚ್ಚಿಕೊಳ್ಳುತ್ತವೆ. ಇದನ್ನೇ ಮೆಕ್ಯಾನಿಕರು 'ಸೀಜ್ ಆಯಿತು' ಎನ್ನುತ್ತಾರೆ. ಆದ್ದರಿಂದ ಎರಡು ಸ್ಟ್ರೋಕಿನ ಹಳೆಯ ಗಾಡಿ ಓಡಿಸುವವರು ಎರಡು ಬೆರಳನ್ನು ಸದಾ ಕ್ಲಚ್ಚಿನ ಮೇಲೆ ಇಟ್ಟಿರಬೇಕು. ಕಾರಣವಿಲ್ಲದೆ ಶಕ್ತಿ ಇಳಿದರೆ ಥ್ರಾಟಲ್ ಮುಚ್ಚಿ, ಕ್ಲಚ್ ಹಿಡಿದು, ಅಂಚಿಗೆ ಸರಿಯಬೇಕು. ಅಂದಿನಿಂದ ನಾನು ಬಂಕಿನಲ್ಲಿ ಮೊದಲು ಎಣ್ಣೆ ಸುರಿದು, ಆಮೇಲೆ ಪೆಟ್ರೋಲು ಹಾಕಿಸುತ್ತೇನೆ. ಪೆಟ್ರೋಲಿನ ಧಾರೆಯೇ ಅದನ್ನು ಬೆರೆಸುತ್ತದೆ; ಮರೆಯುವ ಪ್ರಶ್ನೆಯೂ ಇಲ್ಲ.

ಮೊದಲು ಕಾಗದ, ಆಮೇಲೆ ಪಾನಾ

ಗಾಡಿಗೆ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಆರ್.ಸಿ. ಪುಸ್ತಕ ಹುಡುಕಿರಿ. ಟ್ರಂಕಿನ ತಳ, ದೇವರ ಕೋಣೆಯ ಮಾಡ, ಹಳೆಯ ಎಲ್.ಐ.ಸಿ. ಕಾಗದಗಳ ನಡುವೆ ನೋಡಿರಿ. ಅದರಲ್ಲಿರುವ ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ಗಾಡಿಯ ಮೇಲಿನ ಸಂಖ್ಯೆಗೆ ತಾಳೆಯಾಗಬೇಕು. ತುಕ್ಕು ಹಿಡಿದ ಸಂಖ್ಯೆಯನ್ನು ಅರದಿಂದ ಉಜ್ಜಬಾರದು. ಎಣ್ಣೆ ಹಚ್ಚಿ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು. ಸಂಖ್ಯೆ ಅಳಿದರೆ ಗಾಡಿಯ ಗುರುತೇ ಅಳಿದಂತೆ.

ಖಾಸಗಿ ಗಾಡಿಯ ನೋಂದಣಿ 15 ವರ್ಷದ್ದು. ಆಮೇಲೆ ಐದೈದು ವರ್ಷಕ್ಕೊಮ್ಮೆ 25ನೆಯ ನಮೂನೆಯಲ್ಲಿ ಅರ್ಜಿ ಹಾಕಿ, ಗಾಡಿ ತೋರಿಸಿ, ನವೀಕರಿಸಬೇಕು. 20 ವರ್ಷ ದಾಟಿದ ಮೋಟಾರು ಸೈಕಲ್ಲಿಗೆ ನವೀಕರಣ ಶುಲ್ಕ 2,000 ರೂಪಾಯಿ ಎಂದು 2025ರ ಆಗಸ್ಟಿನಲ್ಲಿ ನಿಗದಿಯಾಯಿತು. ತಡವಾದುದಕ್ಕೆ ದಂಡ, ರಾಜ್ಯದ ಪರಿಸರ ತೆರಿಗೆ ಬೇರೆ. ಹಳೆಯ ಗಾಡಿಗಳ ವಿವರ ಗಣಕಯಂತ್ರಕ್ಕೆ ಏರದೆ ಉಳಿದಿರುವುದೂ ಉಂಟು. ಹಾಗಿದ್ದರೆ ಮೂಲ ಪುಸ್ತಕ ಹಿಡಿದು ಆಯಾ ಊರಿನ ಆರ್.ಟಿ.ಓ. ಕಚೇರಿಗೇ ಹೋಗಬೇಕು. ಪುಸ್ತಕ ಕಳೆದಿದ್ದರೆ ಪೊಲೀಸ್ ಠಾಣೆಯ ದಾಖಲೆಯೊಡನೆ 26ನೆಯ ನಮೂನೆ.

ಮಾಲಿಕರು ತೀರಿಕೊಂಡಿದ್ದರೆ ವಾರಸುದಾರರು 31ನೆಯ ನಮೂನೆಯಲ್ಲಿ ಅರ್ಜಿ ಹಾಕಬೇಕು. ಮೂರು ತಿಂಗಳೊಳಗೆ ಹಾಕತಕ್ಕದ್ದೆಂದು ನಿಯಮ. ತಡವಾದರೂ ದಂಡ ಕಟ್ಟಿ ಸರಿಪಡಿಸಿಕೊಳ್ಳಬಹುದು. ಮರಣ ಪ್ರಮಾಣಪತ್ರ ಬೇಕು. ಅಣ್ಣತಮ್ಮಂದಿರು, ತಾಯಿ, ಅಕ್ಕತಂಗಿಯರ ಒಪ್ಪಿಗೆಯೂ ಬೇಕು. ಈ ಒಪ್ಪಿಗೆಯನ್ನು ಗಾಡಿ ಗುಜರಿಯಂತಿರುವಾಗಲೇ ಪಡೆಯಿರಿ. ಹೊಳೆಯುವಂತಾದ ಮೇಲೆ ಮನೆಯಲ್ಲಿ ಮಾತು ಬದಲಾಗುವುದನ್ನು ನಾನು ಕಂಡಿದ್ದೇನೆ.

ಕರ್ನಾಟಕದ ಗಾಡಿಯನ್ನು ಇಲ್ಲಿಗೆ ತಂದು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ, ಅಲ್ಲಿಯ ಆರ್.ಟಿ.ಓ.ದಿಂದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ ತಂದು, 27ನೆಯ ನಮೂನೆಯಲ್ಲಿ ಇಲ್ಲಿಯ ಸಂಖ್ಯೆ ಪಡೆಯಬೇಕು. 50 ವರ್ಷ ದಾಟಿದ ಗಾಡಿಗಳಿಗೆ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ 'ವಿಂಟೇಜ್' ನೋಂದಣಿಯನ್ನು ತಂದಿತು. ಆಗ ನಿಗದಿಯಾದ ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ದುರಸ್ತಿ ಇಂಥವುಗಳಿಗಷ್ಟೇ ರಸ್ತೆಗೆ ತರಬಹುದು, ದಿನದ ಓಡಾಟಕ್ಕಿಲ್ಲ. ನಮ್ಮಂಥವರಿಗೆ ಹಳೆಯ ನೋಂದಣಿಯನ್ನು ಜೀವಂತ ಇಟ್ಟುಕೊಳ್ಳುವುದೇ ಮೇಲು.

ಎಲ್ಲಿ ಬಿಚ್ಚುವುದು?

ಚಾಳಿನ ಖೋಲಿಯಲ್ಲಿ, ಕಟ್ಟಡದ ಪಾರ್ಕಿಂಗಿನಲ್ಲಿ ಕೆಲಸ ಮಾಡುವವರು ಮೊದಲು ಸೊಸೈಟಿಯ ಕಾರ್ಯದರ್ಶಿಯವರನ್ನು ಕೇಳಿರಿ. ಎರಡನೆಯದು ಇನ್ನೂ ಮುಖ್ಯ: ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ತಗ್ಗಿನಲ್ಲಿ ಕೂಡುತ್ತದೆ. ನಮ್ಮ ಕಟ್ಟಡಗಳಲ್ಲಿ ವಿದ್ಯುತ್ ಮೀಟರುಗಳು ಕೆಳಗಡೆಯೇ ಇರುತ್ತವೆ. ಖೋಲಿಯಲ್ಲಾದರೆ ಗ್ಯಾಸಿನ ಒಲೆ ಎರಡು ಮಾರು ದೂರದಲ್ಲಿ. ಆದ್ದರಿಂದ ಟ್ಯಾಂಕು ಬರಿದು ಮಾಡುವುದು, ಕಾರ್ಬುರೇಟರು ತೊಳೆಯುವುದು ಬಯಲಿನಲ್ಲೇ ಆಗಬೇಕು. ಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯಬೇಡಿರಿ, ಡೀಸೆಲ್ ಸಾಕು. ಬರಿದಾದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕರ, ಏಕೆಂದರೆ ಅದರೊಳಗೆಲ್ಲ ಆವಿಯೇ. ಬೆಸುಗೆಗೆ ಕೊಡುವುದಾದರೆ ಈ ಕೆಲಸದಲ್ಲಿ ಪಳಗಿದವನಿಗೇ ಕೊಡಿರಿ.

ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಒಂದೊಂದು ಜಾಗದ ನಟ್ಟು ಬೋಲ್ಟುಗಳನ್ನು ಒಂದೊಂದು ಡಬ್ಬಿಯಲ್ಲಿ ಹಾಕಿ ಚೀಟಿ ಅಂಟಿಸಿರಿ. ನಾನು ಎರಡು ಅಂಕಣದ ಪುಸ್ತಕವಿಟ್ಟಿದ್ದೆ: ಎಡಕ್ಕೆ ಬಿಚ್ಚಿದ್ದು, ಬಲಕ್ಕೆ ಕಟ್ಟಿದ್ದು. ಜಮಾ ಖರ್ಚು ತಾಳೆಯಾಗದೆ ಎಂಜಿನು ಮುಚ್ಚಬಾರದು. ಕಚ್ಚಿಕೊಂಡ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿರಿ. ಅವಸರದ ಸುತ್ತಿಗೆಯಿಂದ ಮುರಿದ ಬೋಲ್ಟು ಒಂದು ವಾರ ತಿನ್ನುತ್ತದೆ.

ನಿಲ್ಲಿಸುವುದು ಮೊದಲು, ಓಡಿಸುವುದು ಆಮೇಲೆ

ಎಲ್ಲರೂ ಮೊದಲು ಬಣ್ಣಕ್ಕೆ ಹೋಗುತ್ತಾರೆ. ಅದು ಕೊನೆಯ ಕೆಲಸ. ಮೊದಲ ಖರ್ಚು ಬ್ರೇಕಿಗೆ ಮತ್ತು ಟೈರಿಗೆ. ಡ್ರಮ್ಮು ಬಿಚ್ಚಿ ಒಳಗಿನ ಧೂಳನ್ನು ಬಾಯಿಂದ ಊದಬೇಡಿರಿ. ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿದೆ. ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಬ್ರೇಕಿನ, ಕ್ಲಚ್ಚಿನ, ಥ್ರಾಟಲಿನ ತಂತಿಗಳನ್ನು ಹೊಸದಾಗಿ ಹಾಕಿಸಿರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ: 2319 ಎಂದರೆ 2019ನೆಯ ಇಸವಿಯ 23ನೆಯ ವಾರ ತಯಾರಾದದ್ದು. ಕೊಟ್ಟಿಗೆಯಲ್ಲಿ ನಿಂತ ಟೈರು ಸವೆದಿಲ್ಲವೆಂದು ಮೋಸ ಹೋಗಬೇಡಿರಿ. ರಬ್ಬರು ನಿಂತಲ್ಲೇ ಸಾಯುತ್ತದೆ.

ಟ್ಯಾಂಕು ಮತ್ತು ಇಂದಿನ ಪೆಟ್ರೋಲು

ಹಳೆಯ ಗಾಡಿಗೆ ಇಂದು ಬಂದಿರುವ ಹೊಸ ತೊಡಕು ಪೆಟ್ರೋಲಿನದೇ. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಆಮೇಲೆ ಅದು ದೇಶದ ಬಂಕುಗಳಿಗೆಲ್ಲ ಹಬ್ಬಿತು. ಇದು ಹಳೆಯ ಗಾಡಿಗೆ ಮೂರು ರೀತಿಯಲ್ಲಿ ತಾಗುತ್ತದೆ.

ಒಂದು, ಎಥನಾಲ್ ಹಳೆಯ ಕಾಲದ ರಬ್ಬರು ಕೊಳವೆ ಮತ್ತು ವಾಷರುಗಳನ್ನು ಮೆತ್ತಗಾಗಿಸುತ್ತದೆ, ಬಿರುಕು ಬಿಡಿಸುತ್ತದೆ. ಬಿಸಿ ಎಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಏನಾಗುವುದೆಂದು ಹೇಳಬೇಕಾದ್ದಿಲ್ಲ. ಎಥನಾಲ್ ತಾಳುವ ಕೊಳವೆಯನ್ನೇ ಕೇಳಿ ಹಾಕಿಸಿರಿ. ಎರಡು, ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಅದೇ ಗಾಳಿಗೆ ಹೆಚ್ಚು ಇಂಧನ ಬೇಕಾಗುತ್ತದೆ. ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗಿ ಎಂಜಿನು ಹೆಚ್ಚು ಬಿಸಿಯಾಗುತ್ತದೆ. ಪ್ಲಗ್ಗು ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ: ಅದರ ತುದಿ ಕಾಫಿ ಬಣ್ಣವಿದ್ದರೆ ಸರಿ, ಕಪ್ಪು ಜಿಡ್ಡಾಗಿದ್ದರೆ ಇಂಧನ ಹೆಚ್ಚು, ಸುಣ್ಣದಂತೆ ಬಿಳಿಯಾಗಿದ್ದರೆ ಇಂಧನ ಕಡಿಮೆ, ಅಪಾಯ. ಬಿಳಿಯಾಗಿದ್ದರೆ ಒಂದು ಅಳತೆ ದೊಡ್ಡ ಜೆಟ್ಟು ಹಾಕಿಸಬೇಕು. ಮೂರು, ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಒಂದು ಕಡೆ ಖಾಡಿ, ಇನ್ನೊಂದು ಕಡೆ ಯೇವೂರಿನ ಗುಡ್ಡ ಇರುವ ನಮ್ಮ ರಸ್ತೆಯಲ್ಲಿ ಮಳೆಗಾಲದ ತೇವ ಎಷ್ಟೆಂದು ಗೋಡೆಯ ಬೂಷ್ಟು ನೋಡಿದವರಿಗೆ ಗೊತ್ತು. ನೀರು ಹೆಚ್ಚಾದರೆ ಎಥನಾಲೂ ನೀರೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ನಾವು ಬೆರೆಸಿದ ಎಣ್ಣೆ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನಿಗೆ ಹೋಗುವುದು ತಳದ ನೀರು. ಆಗ ಎಣ್ಣೆ ಹಾಕಿಯೂ ಹಾಕದಂತೆಯೇ. ಆದ್ದರಿಂದ ಹದಿನೈದು ದಿನಕ್ಕಿಂತ ಹೆಚ್ಚು ಗಾಡಿ ನಿಲ್ಲಿಸುವುದಾದರೆ ಟ್ಯಾಂಕು ಮತ್ತು ಕಾರ್ಬುರೇಟರನ್ನು ಬರಿದು ಮಾಡಿರಿ.

ಟ್ಯಾಂಕಿನ ತುಕ್ಕಿಗೆ ನಿಂಬೆ ಉಪ್ಪು, ಎಂದರೆ ಸಿಟ್ರಿಕ್ ಆಮ್ಲ, ಒಳ್ಳೆಯ ಮದ್ದು. ಲೀಟರು ಬಿಸಿ ನೀರಿಗೆ 100 ಗ್ರಾಮಿನಂತೆ ಕರಗಿಸಿ, ಟ್ಯಾಂಕು ತುಂಬಿಸಿ ಒಂದು ರಾತ್ರಿ ಬಿಡಿರಿ. ಸುರಿದು, ಅಡಿಗೆ ಸೋಡಾದ ನೀರಿನಿಂದ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ತಡಮಾಡದೆ ಸ್ವಲ್ಪ ಟು-ಟಿ ಎಣ್ಣೆ ಹಾಕಿ ಒಳಗೆಲ್ಲ ಹೊರಳಿಸಿರಿ. ಇಲ್ಲವಾದರೆ ಒಂದೇ ದಿನದಲ್ಲಿ ತುಕ್ಕು ಮರಳಿ ಬರುತ್ತದೆ.

ಕಿಡಿ, ಉಸಿರು, ಕಸ

ಗಾಡಿ ಹೊತ್ತದಿದ್ದರೆ ಮೂರನ್ನು ಕ್ರಮವಾಗಿ ನೋಡಿರಿ. ಮೊದಲು ಕಿಡಿ. ಇದರ ಕಿಡಿ ಬ್ಯಾಟರಿಯಿಂದ ಬರುತ್ತದೆ. ಬ್ಯಾಟರಿ ಸತ್ತಿದ್ದರೆ ಎಷ್ಟು ಒದ್ದರೂ ವ್ಯರ್ಥ. ಪಾಯಿಂಟಿನ ಬಿಡುವು 0.3ರಿಂದ 0.4 ಮಿ.ಮೀ., ಪ್ಲಗ್ಗಿನ ಬಿಡುವು 0.6ರಿಂದ 0.7 ಮಿ.ಮೀ. ಇರಲಿ. ಅಳೆಯುವ ಪಟ್ಟಿಯನ್ನು ಕೊಂಡುಕೊಳ್ಳಿರಿ; ಕಣ್ಣಳತೆ ಬೇಡ. ಎರಡನೆಯದು ಇಂಧನ: ಕಾರ್ಬುರೇಟರಿನ ಜೆಟ್ಟನ್ನು ತಂತಿಯಿಂದ ಚುಚ್ಚಬೇಡಿರಿ, ತೂತು ದೊಡ್ಡದಾಗುತ್ತದೆ; ಊದಿ ಸ್ವಚ್ಛ ಮಾಡಿರಿ. ಮೂರನೆಯದು ಉಸಿರು. ಪಿಸ್ಟನ್ನಿನ ಕೆಳಗಿನ ಕೋಣೆಯೂ ಪಂಪಿನಂತೆ ಕೆಲಸ ಮಾಡುವುದರಿಂದ ಅದು ಬಿಗಿಯಾಗಿರಬೇಕು. ಅದರ ಎರಡು ಬದಿಯ ಆಯಿಲ್ ಸೀಲುಗಳು ನಿಂತ ಗಾಡಿಯಲ್ಲಿ ಒಣಗಿ ಸೀಳಿರುತ್ತವೆ. ಡೈನಮೊ ಬದಿಯ ಸೀಲು ಸೋರಿದರೆ ಬರಿಯ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗಿ ಪಿಸ್ಟನ್ ಕಚ್ಚುತ್ತದೆ. ಕ್ಲಚ್ ಬದಿಯದು ಸೋರಿದರೆ ಗೇರಿನ ಎಣ್ಣೆಯನ್ನು ಎಂಜಿನು ಕುಡಿದು ದಟ್ಟ ಹೊಗೆ ಬಿಡುತ್ತದೆ. ಸೀಲಿನ ಬೆಲೆ ಅಲ್ಪ. ಅದನ್ನು ಉಳಿಸಲು ಹೋಗಿ ಪಿಸ್ಟನ್ ಕಳೆದುಕೊಂಡವರು ಬಹಳ.

ಬೆರೆಸಿದ ಎಣ್ಣೆ ಉರಿದು ಮಸಿಯಾಗುತ್ತದೆ. ಆ ಮಸಿ ಪಿಸ್ಟನ್ನಿನ ತಲೆ, ಹೊಗೆ ಹೋಗುವ ಕಿಂಡಿಗಳು, ಸೈಲೆನ್ಸರಿನ ಒಳಗಿನ ನಳಿಕೆಗಳಲ್ಲಿ ಗಟ್ಟಿಯಾಗಿ ಕೂತು ಉಸಿರು ಕಟ್ಟಿಸುತ್ತದೆ. ವರ್ಷಕ್ಕೊಮ್ಮೆ ಹೆಡ್ಡು ಬಿಚ್ಚಿ ಮರದ ಅಥವಾ ಬಿದಿರಿನ ಚಕ್ಕೆಯಿಂದ ಕೆರೆಯಿರಿ. ಉಕ್ಕಿನ ಚಾಕು ಅಲ್ಯೂಮಿನಿಯಮ್ಮಿಗೆ ಗೀರು ಹಾಕುತ್ತದೆ.

ಎಲ್ಲವನ್ನೂ ಮನೆಯಲ್ಲಿ ಮಾಡಲಾಗದು. ಸಿಲಿಂಡರು ಸವೆದಿದ್ದರೆ ಲೇತಿನವರಿಂದ ಬೋರು ಮಾಡಿಸಿ, ಕಾಲು ಮಿಲಿಮೀಟರಿನ ಹಂತದಲ್ಲಿ ದೊಡ್ಡ ಪಿಸ್ಟನ್ ಹಾಕಿಸಬೇಕು. ಪಿಸ್ಟನ್ ಮೊದಲು ಕೊಂಡು, ಅದನ್ನು ಅಳೆದು, ಆಮೇಲೆ ಬೋರು ಮಾಡಿಸತಕ್ಕದ್ದು. ಕ್ರ್ಯಾಂಕಿನ ಬೇರಿಂಗು ಬದಲಿಸುವುದು ಪ್ರೆಸ್ ಇರುವ ಕಾರ್ಖಾನೆಯ ಕೆಲಸ. ಇವೆರಡಕ್ಕೆ ನುರಿತವರನ್ನು ಹುಡುಕಿ; ಉಳಿದದ್ದಕ್ಕೆ ನಿಮ್ಮ ಭಾನುವಾರಗಳು ಸಾಕು. ನನಗೆ ಒಟ್ಟು ತಗುಲಿದ್ದು ಎರಡು ತಿಂಗಳ ಸಂಬಳಕ್ಕಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಕಾಲು ಭಾಗ ನನ್ನ ಮರೆವಿನ ದಂಡ.

ಓಡತೊಡಗಿದ ಮೇಲೆ

ಗಾಳಿಯಿಂದ ತಣಿಯುವ ಗಾಡಿಗೆ ನಿಂತ ರಸ್ತೆಯೇ ಶತ್ರು. ಎಂಜಿನು ಉರಿಯುತ್ತಿದೆ, ಗಾಳಿ ಬೀಸುತ್ತಿಲ್ಲ, ಶಾಖ ಹೋಗುವುದೆಲ್ಲಿಗೆ? ಕಾಪುರಬಾವಡಿಯಿಂದ ಮಾನಪಾಡಾ, ಪಾತಲಿಪಾಡಾ ದಾಟಿ ವಾಘಬೀಳದವರೆಗೆ ಸಂಜೆಯ ಹೊತ್ತು ಗಾಡಿಗಳು ಹೇಗೆ ತೆವಳುತ್ತವೆಂದು ನಿಮಗೇ ಗೊತ್ತು. ಆ ಹೊತ್ತಿನಲ್ಲಿ ಹಳೆಯ ಗಾಡಿಯನ್ನು ಹೊರಗೆ ತರಬೇಡಿರಿ. ಸಿಕ್ಕಿಬಿದ್ದರೆ ಎಂಜಿನು ಆರಿಸಿ ತಳ್ಳಿಕೊಂಡು ಹೋಗುವುದರಲ್ಲಿ ಅವಮಾನವೇನೂ ಇಲ್ಲ. ಬೆಳಗ್ಗೆ ಆರರಿಂದ ಎಂಟು ಜಾವಾದ ಹೊತ್ತು.

ರೆಕ್ಕೆಗಳ ನಡುವಿನ ಕೆಸರು, ಎಣ್ಣೆಯ ಜಿಡ್ಡು ತಿಂಗಳಿಗೊಮ್ಮೆ ತೆಗೆಯಿರಿ. ಅವು ಕಂಬಳಿ ಹೊದಿಸಿದಂತೆ ಶಾಖವನ್ನು ಹಿಡಿದಿಡುತ್ತವೆ. ಅಂದಕ್ಕೆಂದು ರೆಕ್ಕೆಗೆ ದಪ್ಪ ಬಣ್ಣ ಬಳಿಯುವುದೂ ಅದೇ ತಪ್ಪು. ಬಿಸಿ ಎಂಜಿನಿಗೆ ನೀರು ಎರಚಬಾರದು. ಎರಕದ ಲೋಹ ಸೀಳುತ್ತದೆ. ಮಳೆಗಾಲದಲ್ಲಿ ಗಾಡಿಗೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಬೇಡಿರಿ. ತೇವ ಒಳಗೇ ಉಳಿದು ತುಕ್ಕಾಗುತ್ತದೆ. ಹತ್ತಿಯ ಬಟ್ಟೆ ಹೊದಿಸಿ, ಕ್ರೋಮಿಗೆ ತೆಳುವಾಗಿ ಎಣ್ಣೆ ಸವರಿದರೆ ಸಾಕು. ವಾರಕ್ಕೊಮ್ಮೆ ಓಡಿಸುವ ಗಾಡಿ ಆರು ತಿಂಗಳಿಗೊಮ್ಮೆ ಓಡಿಸುವ ಗಾಡಿಗಿಂತ ಕಡಿಮೆ ಕೆಡುತ್ತದೆ.

ಒಂದು ಮಾತನ್ನು ಮುಚ್ಚಿಡಬಾರದು. ಎರಡು ಸ್ಟ್ರೋಕಿನ ಗಾಡಿಯ ಹೊಗೆ ಊರಿಗೆ ಒಳ್ಳೆಯದಲ್ಲ. ಉರಿಯದ ಪೆಟ್ರೋಲಿನ ಒಂದು ಪಾಲು ಹಾಗೆಯೇ ಹೊರಬೀಳುತ್ತದೆ. ಆದ್ದರಿಂದ ಇದು ದಿನದ ಸವಾರಿಯಾಗಬಾರದು. ಎಣ್ಣೆಯ ಅಳತೆ ಮೀರದೆ, ಹೊಗೆಯ ಪರೀಕ್ಷೆ ತಪ್ಪಿಸದೆ, ವಾರಕ್ಕೊಮ್ಮೆ ಹೊರಟರೆ ನೆರೆಯವರ ಶಾಪ ತಟ್ಟದು.

ಗುಜರಿಗೆ ಕೊಡಬೇಕೆ?

ಈಗ ಆ ತರುಣರ ಪ್ರಶ್ನೆಗೆ ಬರೋಣ. ಮೂರು ಮಾತು ಕೇಳಿಕೊಳ್ಳಬೇಕು. ಕಾಗದ ಇದೆಯೇ, ಅಥವಾ ಮಾಡಿಸಬಹುದೇ? ಚಾಸಿಸ್ ನೆಟ್ಟಗಿದೆಯೇ, ಸಂಖ್ಯೆ ಓದಬಹುದೇ? ಎಂಜಿನಿನ ಮೇಲ್ಮೈ ಒಡೆದಿಲ್ಲ ತಾನೇ? ಮೂರಕ್ಕೂ ಹೌದೆಂದಾದರೆ ತೂಕಕ್ಕೆ ಕೊಡಬೇಡಿರಿ. ನಿಮಗೆ ದುರಸ್ತಿಗೆ ಶಕ್ತಿಯಿಲ್ಲದಿದ್ದರೂ, ಕಾಗದ ಸರಿಯಾದ ಹಳೆಯ ಜಾವಾವನ್ನು ಗಾಡಿಯಾಗಿಯೇ ಕೊಳ್ಳುವವರು ಇದ್ದಾರೆ; ಅವರು ಕೊಡುವ ಬೆಲೆಗೂ ಗುಜರಿಯ ತಕ್ಕಡಿಗೂ ಹೋಲಿಕೆಯಿಲ್ಲ. ಕಾಗದವಿಲ್ಲ, ಚಾಸಿಸ್ ತಿಂದು ಹೋಗಿದೆ ಎಂದಾದರೆ ಸಾಲ ಮಾಡಿ ಕೈಹಾಕಬೇಡಿರಿ. ಮಕ್ಕಳ ಶುಲ್ಕದ ಹಣ, ಊರಿಗೆ ಕಳುಹಿಸುವ ಹಣ ಇದಕ್ಕೆ ಬರಬಾರದು. ತಂದೆಯವರು ಇದ್ದರೂ ಅದನ್ನೇ ಹೇಳುತ್ತಿದ್ದರು.

ಆ ತರುಣರು ಮೊನ್ನೆ ಮತ್ತೆ ಬಂದಿದ್ದರು. ಊರಿಗೆ ಫೋನು ಮಾಡಿ ತಾಯಿಯವರಿಂದ ಟ್ರಂಕು ತೆಗೆಸಿದ್ದಾರೆ. ಆರ್.ಸಿ. ಪುಸ್ತಕ ಸಿಕ್ಕಿದೆ, ಅದರ ನಡುವೆ ತಂದೆಯವರ ಕೈಯಲ್ಲಿ ಬರೆದ ಚೀಟಿಯೊಂದೂ ಇತ್ತಂತೆ: ಯಾವ ತಿಂಗಳು ಎಷ್ಟು ಪೆಟ್ರೋಲು, ಎಷ್ಟು ಎಣ್ಣೆ ಎಂಬ ಲೆಕ್ಕ. ದೀಪಾವಳಿಗೆ ಹೋದಾಗ ಸಂಖ್ಯೆ ತಾಳೆ ನೋಡಿ ಬರುವುದಾಗಿ ಹೇಳಿದ್ದಾರೆ. ಗುಜರಿಯವನಿಗೆ ಸದ್ಯ ಇಲ್ಲವೆಂದಾಗಿದೆ.

ಇಂಥ ಗಾಡಿ ಇರುವವರು ಭಾನುವಾರ ಸಂಜೆ ವಾಚನಾಲಯಕ್ಕೆ ಬಂದರೆ ನನ್ನ ಎರಡು ಅಂಕಣದ ಪುಸ್ತಕವನ್ನೂ, ಬಿಡುವು ಅಳೆಯುವ ಪಟ್ಟಿಯನ್ನೂ ನೋಡಲು ಕೊಡುತ್ತೇನೆ. ಪಟ್ಟಿಯನ್ನು ಮಾತ್ರ ಮರಳಿ ತಂದುಕೊಡಬೇಕಾಗಿ ವಿನಂತಿ.